ನಾಯಿಗೆ ಹಾಸಿದ ಗೋಣಿತಾಟು

ನಮ್ಮ ಮನೆಯಲ್ಲಿ ಇಬ್ಬರಿಗೆ ಮಂಡಿನೋವಿತ್ತು. ಒಬ್ಬರು ಅಜ್ಜಿ, ನಮ್ಮಪ್ಪನ ತಾಯಿ. ಇನ್ನೊಂದು ನಮ್ಮ ನಾಯಿ. ಇಬ್ಬರಲ್ಲಿ ಡಾಕ್ಟರ ಹತ್ತಿರ ಹೋಗಿ ಬಂದದ್ದು ನಾಯಿ. ಅಜ್ಜಿಯ ಮಂಡಿಯನ್ನು ಪರೀಕ್ಷಿಸುವ ಕೆಲಸವನ್ನು ಅಪ್ಪ ತಾವೇ ವಹಿಸಿಕೊಂಡಿದ್ದರು. ಪೇಪರಿನಿಂದ ತಲೆ ಎತ್ತದೆ, ಮಂಡಿಯನ್ನು ಮುಟ್ಟದೆ, ನೋಡದೆ, "ವಯಸ್ಸಾಯ್ತಲ್ಲವ್ವಾ" ಎಂದು ಹತ್ತು ವರ್ಷದ ಹಿಂದೆಯೇ ರೋಗ ಪತ್ತೆಹಚ್ಚಿದ್ದರು. ಅದಕ್ಕೆ ಔಷಧಿಯೂ ಅದೇ ಮಾತಾಗಿತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ಆಗ ಬಸವೇಶ್ವರನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ದಾವಣಗೆರೆ ಕಡೆಯಿಂದ ವರ್ಗವಾಗಿ ಬಂದ ಸರ್ಕಾರಿ ನೌಕರನೊಬ್ಬ ಬೆಂಗಳೂರಿನಲ್ಲಿ ಸ್ವಂತ ಮನೆ ಕಟ್ಟಿಸಿದರೆ ಏನೇನು ಹೆಮ್ಮೆ ಪಡಬಹುದೋ ಅಷ್ಟನ್ನೂ ಅಪ್ಪ ಪಡುತ್ತಿದ್ದರು. ಅದರಲ್ಲೂ ನೆಲದ ಮೇಲೆ ಅವರಿಗೆ ವಿಶೇಷ ಅಭಿಮಾನ. ರೆಡ್ ಆಕ್ಸೈಡ್ ನೆಲ, ಸುತ್ತಲೂ ಕರೀ ಅಂಚು. ಪ್ರತಿ ಶನಿವಾರ ನಾನೂ ಅಮ್ಮನೂ ಮೊಣಕಾಲೂರಿ ಕೂತು ಅದಕ್ಕೆ ಮೇಣದ ಪಾಲಿಶ್ ತಿಕ್ಕಬೇಕಿತ್ತು. "ನೋಡಿ, ಮುಖ ಕಾಣುತ್ತೆ" ಎಂದು ಅಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದರು. ಮುಖ ನೋಡಿಕೊಳ್ಳಲು ಮನೆಯಲ್ಲಿ ಎರಡು ಕನ್ನಡಿಗಳಿದ್ದವು ಎಂಬುದನ್ನು ಯಾರೂ ಅವರಿಗೆ ನೆನಪಿಸಲಿಲ್ಲ.

ಆ ನೆಲದ ಮೇಲೆ ಅಜ್ಜಿ ನಡೆಯುತ್ತಿದ್ದದ್ದು ಗೋಡೆ ಹಿಡಿದುಕೊಂಡು. ಹಿತ್ತಲ ಕಡೆಯ ಕೋಣೆಯಿಂದ ದೇವರ ಕೋಣೆಗೆ, ಅಲ್ಲಿಂದ ಊಟಕ್ಕೆ, ಮತ್ತೆ ಕೋಣೆಗೆ. ಅವರು ನಡೆದ ದಾರಿಯುದ್ದಕ್ಕೂ ಸುಣ್ಣದ ಗೋಡೆಯ ಮೇಲೆ ಅಂಗೈ ಗುರುತುಗಳು ಸಾಲಾಗಿ ಬೀಳುತ್ತಿದ್ದವು. ಅಪ್ಪ ಅದನ್ನು ನೋಡಿ, "ಗೋಡೆ ಮುಟ್ಟಬೇಡ ಅಂದ್ರೆ ಈ ಮನೇಲಿ ಯಾರ ಕಿವಿಗೂ ಬೀಳಲ್ಲ" ಎಂದು ಯಾರ ಕಡೆಗೂ ತಿರುಗದೆ ಹೇಳುತ್ತಿದ್ದರು. ಅಜ್ಜಿ ಕೇಳಿಸಿಕೊಂಡು ಒಳಗೆ ಹೋಗುತ್ತಿದ್ದರು.

ಇಂಥ ಮನೆಗೆ ನಾಯಿ ಬಂತು. ಅಪ್ಪನ ಆಫೀಸಿನ ಟೈಪಿಸ್ಟ್ ಒಬ್ಬರು ಸಂಸಾರ ಸಮೇತ ಆಸ್ಟ್ರೇಲಿಯಾಕ್ಕೆ ಹೊರಟರು. ಸೋಫಾ ಸೆಟ್ಟನ್ನು ಮೇಲಧಿಕಾರಿಗೂ, ನಾಯಿಯನ್ನು ಅಪ್ಪನಿಗೂ ಕೊಟ್ಟುಹೋದರು. ಬಿಳೀ ಪೊಮೇರಿಯನ್, ತೋಳಿನಷ್ಟುದ್ದ, ಮೈತುಂಬ ಕೂದಲು. ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು. ಆಮೇಲೆ ಅದೇ ಹೆಸರಿನ ಸಜ್ಜನರೊಬ್ಬರು ನಮ್ಮ ಬೀದಿಗೇ ಬಾಡಿಗೆಗೆ ಬಂದದ್ದರಿಂದ ಇಲ್ಲಿ ಅದು ಬೇಡ. ಅಜ್ಜಿ ಅದನ್ನು ಮೊದಲ ದಿನದಿಂದಲೂ 'ಕುನ್ನಿ' ಎಂದೇ ಕರೆದರು.

ನಾಯಿ ನಮ್ಮ ಮನೆಗೆ ಬಂದ ತಿಂಗಳೊಪ್ಪತ್ತಿನಲ್ಲಿ ಪಕ್ಕಾ ಲಿಂಗಾಯತ ಆಯಿತು. ಮೊಟ್ಟೆಯ ವಾಸನೆಯೂ ಇಲ್ಲದ ಊಟ. ಸೋಮವಾರ ಪೂಜೆಯಾದ ಮೇಲೆ ಅಮ್ಮ ಅದರ ಹಣೆಗೂ ವಿಭೂತಿ ಹಚ್ಚುತ್ತಿದ್ದರು. ಬಿಳೀ ನಾಯಿಗೆ ವಿಭೂತಿ ಹಚ್ಚಿದರೆ ಯಾರಿಗೂ ಕಾಣುವುದಿಲ್ಲ, ಆದರೂ ಹಚ್ಚುತ್ತಿದ್ದರು. ಇದಕ್ಕೆಲ್ಲ ಕಳಶವಿಟ್ಟಂತೆ ಅಪ್ಪ ಅದಕ್ಕೆ 'ಶರಣು' ಹೇಳಿಕೊಟ್ಟರು. ಯಾರಾದರೂ ಮನೆಗೆ ಬಂದರೆ "ಶರಣು ಮಾಡು" ಎನ್ನಬೇಕು. ನಾಯಿ ಹಿಂಗಾಲಿನ ಮೇಲೆ ಎದ್ದು ನಿಂತು, ಮುಂಗಾಲೆರಡನ್ನೂ ಜೋಡಿಸಿ ಕುಣಿಸಬೇಕು. ಬಂದವರು "ಅಯ್ಯೋ ಶಿವನೇ!" ಎಂದು ಬೆರಗಾಗಬೇಕು. ಕೊನೆಗೆ ನಾಯಿಗೊಂದು ಬೆಣ್ಣೆ ಬಿಸ್ಕತ್ತು. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಚೆನ್ನಾಗಿ ಕಲಿತರು.

ಬೀದಿಯವರು ಬಂದರು, ಮಾರೇನಹಳ್ಳಿಯ ನೆಂಟರು ಬಂದರು, ಆಫೀಸಿನವರು ಬಂದರು. ದಿನಕ್ಕೆ ಹತ್ತು ಹನ್ನೆರಡು ಸಲ ಶರಣಾರ್ಥಿ, ಅಷ್ಟೇ ಬಿಸ್ಕತ್ತು. ನಾಯಿಯ ಆಟ ಮುಗಿದ ಮೇಲೆ ಅಜ್ಜಿಯ ಸರದಿ. ಅಜ್ಜಿಗೆ ನೂರಾರು ವಚನಗಳು ಬಾಯಿಗೆ ಬರುತ್ತಿದ್ದವು. ಅಪ್ಪ ಒಳಗೆ ತಿರುಗಿ, "ಅಮ್ಮಾ, ಸ್ವಲ್ಪ ಹೊರಗೆ ಬನ್ನಿ" ಎಂದು ಕೂಗುತ್ತಿದ್ದರು. ನಾವು ನಾವೇ ಇದ್ದಾಗ 'ಅವ್ವ', 'ಬಾ'. ಹೊರಗಿನವರಿದ್ದರೆ 'ಅಮ್ಮ', 'ಬನ್ನಿ'. ಅಜ್ಜಿ ಗೋಡೆ ಹಿಡಿದು, ಪಾದವನ್ನು ಎತ್ತದೆ ಎಳೆಯುತ್ತ, ಮುಂದಿನ ಹಾಲ್‌ನ ಆ ಹೊಳೆಯುವ ನೆಲವನ್ನು ದಾಟಿ ಬಂದು ಕುರ್ಚಿಯ ತುದಿಯಲ್ಲಿ ಕೂತು ಎರಡು ವಚನ ಹೇಳಿ, ಬಂದ ಹಾಗೇ ವಾಪಸು ಹೋಗುತ್ತಿದ್ದರು. ಅವರಿಗೆ ಬಿಸ್ಕತ್ತು ಕೊಡುವ ಪದ್ಧತಿ ಇರಲಿಲ್ಲ.

ಒಂದು ವರ್ಷ ಕಳೆಯುವುದರೊಳಗೆ ನಾಯಿ ಒಂದು ಹೊಸ ನಡಿಗೆ ಶುರುಮಾಡಿತು. ಓಡುತ್ತ ಓಡುತ್ತ ಎಡಗಡೆಯ ಹಿಂಗಾಲನ್ನು ಮೇಲೆತ್ತಿ ನಾಲ್ಕು ಹೆಜ್ಜೆ ಮೂರೇ ಕಾಲಿನಲ್ಲಿ ಕುಪ್ಪಳಿಸುವುದು. ಆಮೇಲೆ ಆ ಕಾಲನ್ನು ಹಿಂದಕ್ಕೊಮ್ಮೆ ಝಾಡಿಸಿ ಏನೂ ಆಗಿಲ್ಲವೆಂಬಂತೆ ನಡೆಯುವುದು. ನಾನು ಹೆದರಿ ಅಪ್ಪನಿಗೆ ಹೇಳಿದೆ.

"ಜಾತಿ ನಾಯಿ ಕಣೇ ಅದು. ನಡಿಗೇನೇ ಹಾಗೆ" ಎಂದರು ಅಪ್ಪ. "ಬೀದಿ ನಾಯಿ ನಡೆದ ಹಾಗೆ ನಡೆಯುತ್ತಾ?"

ಅಲ್ಲಿಂದ ಮುಂದೆ ಬಂದವರಿಗೆ ಶರಣಿನ ಜೊತೆಗೆ ಈ ನಡಿಗೆಯನ್ನೂ ತೋರಿಸಲಾಯಿತು. ಅವರು ಅದಕ್ಕೂ ತಲೆದೂಗಿದರು. ಬಾಗಿಲ ಬಳಿ ನಿಂತಿದ್ದ ಅಜ್ಜಿ ಒಬ್ಬರೇ, "ಜಾತಿನೂ ಇಲ್ಲ ಗೀತಿನೂ ಇಲ್ಲ. ಕುನ್ನಿಗೆ ಮಂಡಿ ನೋಯ್ತೈತೆ, ನನ್ನಂಗೆ" ಎಂದರು. ಅವರ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾನೂ ತೆಗೆದುಕೊಳ್ಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ನಾಯಿ ಆ ಕಾಲನ್ನು ನೆಲಕ್ಕೆ ಊರುವುದನ್ನೇ ಕಡಿಮೆ ಮಾಡಿತು. ಒಂದು ಭಾನುವಾರ ಶರಣು ಮಾಡಲು ಎದ್ದದ್ದು ಕುಯ್ಯೋ ಎಂದು ಕೂಗಿ ಕೂತುಬಿಟ್ಟಿತು. ಮರುದಿನ ಅಪ್ಪ ಆಫೀಸಿಗೆ ಅರ್ಧ ದಿನ ರಜಾ ಹಾಕಿದರು. ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವೂ ಅವರು ರಜಾ ಹಾಕಿರಲಿಲ್ಲ.

ಆಗ ನಾನು ಪಿಯುಸಿ ಓದುತ್ತಿದ್ದೆ. ನಾಯಿಯನ್ನು ತರಕಾರಿ ಚೀಲದಲ್ಲಿ ಕೂರಿಸಿ, ತಲೆ ಮಾತ್ರ ಹೊರಗಿರುವಂತೆ ಎತ್ತಿಕೊಂಡು ಅಪ್ಪನ ಹಿಂದೆ ಹೊರಟೆ. ಕಂಡಕ್ಟರ್ ಚೀಲವನ್ನು ನೋಡಿ ಬಸ್ಸಿನಿಂದ ಇಳಿಸಿದ. ಕಾಮಾಕ್ಷಿಪಾಳ್ಯದ ವರ್ಕ್‌ಶಾಪುಗಳ ಸಾಲಿನಲ್ಲಿ ನಡೆದುಕೊಂಡೇ ದನದ ಆಸ್ಪತ್ರೆಗೆ ಹೋದೆವು. ಆಗಿನ ಕಾಲಕ್ಕೆ ಪ್ರಾಣಿಗಳ ಡಾಕ್ಟರೆಂದರೆ ದನದ ಡಾಕ್ಟರೇ. ಅಲ್ಲಿ ಎಮ್ಮೆಗಳೂ ಎತ್ತುಗಳೂ ಒಂದು ಮೇಕೆಯೂ ಸಾಲಾಗಿ ನಿಂತಿದ್ದವು. ಎಮ್ಮೆ ಹಿಡಿದುಕೊಂಡಿದ್ದ ಒಬ್ಬರು ನನ್ನ ಚೀಲದೊಳಗೆ ಬಗ್ಗಿ ನೋಡಿ, "ಇದ್ಯಾವ್ ಸೀಮೆ ಕುರಿಮರಿ ಸ್ವಾಮಿ?" ಎಂದು ಅಪ್ಪನನ್ನು ಕೇಳಿದರು. ಜಾತಿ ನಾಯಿಯ ಯಜಮಾನರು ಸಾಲಿನಲ್ಲಿ ಎರಡು ಹೆಜ್ಜೆ ಮುಂದಕ್ಕೆ ಸರಿದು ನಿಂತರು.

ಡಾಕ್ಟರು ವಯಸ್ಸಾದವರು. ನಾಯಿಯನ್ನು ಮೇಜಿನ ಮೇಲೆ ಒರಗಿಸಿ, ಆ ಕಾಲನ್ನು ಮೆಲ್ಲಗೆ ಮಡಿಸಿ ಚಾಚಿ ಮಾಡಿ, ನನ್ನ ಬೆರಳನ್ನು ಹಿಡಿದು ಅದರ ಮಂಡಿಯ ಮೇಲೆ ಇಟ್ಟರು. ಕಡಲೆಕಾಳಿನಷ್ಟು ಗಟ್ಟಿಯಾದದ್ದೇನೋ ಬೆರಳಿನ ಕೆಳಗೆ ಒಳಗಡೆಗೆ ಜಾರಿತು, ಮತ್ತೆ ವಾಪಸು ಬಂತು.

"ಮಂಡಿ ಚಿಪ್ಪು ಇದು. ಕೂರಬೇಕಾದ ಗುಳಿಯಲ್ಲಿ ಕೂರ್ತಾ ಇಲ್ಲ, ಪಕ್ಕಕ್ಕೆ ಜಾರ್ತಾ ಇದೆ" ಎಂದರು. "ಎತ್ತುಗಳಿಗೂ ಚಿಪ್ಪಿನ ತೊಂದರೆ ಬರುತ್ತೆ, ಅದು ಬೇರೆ ಥರ. ಮಂಡಿಯ ಒಂದು ನಾರು ಕತ್ತರಿಸಿದ್ರೆ ಎದ್ದು ನಡೆಯುತ್ತೆ. ಈ ಸಣ್ಣ ನಾಯಿಗಳದ್ದು ಹುಟ್ಟಿನಿಂದಾನೇ ಸ್ವಲ್ಪ ಹೀಗೆ. ನೀವು ಅದನ್ನ ಪೂರ್ತಿ ಮಾಡಿದೀರ. ಏನ್ ಹಾಕ್ತೀರಾ ಇದಕ್ಕೆ?"

"ಶುದ್ಧ ಸಸ್ಯಾಹಾರಿ ಸಾರ್" ಎಂದರು ಅಪ್ಪ, ಎದೆ ಮುಂದೆ ಮಾಡಿ.

"ಏನು ಅಲ್ಲ, ಎಷ್ಟು ಅಂತ ಕೇಳಿದ್ದು."

ಅಪ್ಪ ನನ್ನ ಕಡೆ ತಿರುಗಿದರು. ನಾನು ಹೇಳಿದೆ. ಬೆಳಿಗ್ಗೆ ಹಾಲು, ಆಮೇಲೆ ಅನ್ನ ತುಪ್ಪ, ಹಬ್ಬಕ್ಕೆ ಹೋಳಿಗೆ, ಶರಣಿಗೊಂದರಂತೆ ಬಿಸ್ಕತ್ತು. ಶರಣು ಎಂದರೇನೆಂದು ಡಾಕ್ಟರು ಕೇಳಿದರು. ನಾನು ಎರಡೂ ಕೈ ಜೋಡಿಸಿ ತೋರಿಸಿದೆ. ಅವರು ಕನ್ನಡಕ ತೆಗೆದು ಅಪ್ಪನನ್ನು ಸ್ವಲ್ಪ ಹೊತ್ತು ನೋಡಿದರು. ಎತ್ತಿನ ಮಾಲೀಕರನ್ನು ಅವರು ಹಾಗೆ ನೋಡಿರಲಾರರು.

"ಮೊದಲು ಆ ಶರಣು ನಿಲ್ಸಿ. ಹಿಂಗಾಲ ಮೇಲೆ ನಿಲ್ಲಿಸಬೇಡಿ, ಮಂಚದಿಂದ ಹಾರಿಸಬೇಡಿ, ಮೆಟ್ಟಿಲು ಬಂದ್ರೆ ಎತ್ಕೊಳ್ಳಿ. ಎರಡು ಕೇಜಿ ಇಳೀಬೇಕು. ಮಂಡಿಗೆ ಬಿಸಿ ಶಾಖ ಕೊಡಿ. ಪಾದದ ಕೆಳಗೆ ಬೆಳೆದಿರೋ ಕೂದಲು ಕತ್ತರಿಸಿ. ಮನೇಲಿ ನೆಲ ಎಂಥದ್ದು?"

ಅಪ್ಪನ ಮುಖ ಅರಳಿತು. "ರೆಡ್ ಆಕ್ಸೈಡ್ ಸಾರ್! ಮುಖ ಕಾಣುತ್ತೆ."

"ಹಾಗಾದ್ರೆ ಅದು ಓಡಾಡೋ ಕಡೆ ಎಲ್ಲ ಗೋಣಿತಾಟು ಹಾಸಿ. ನುಣ್ಣನೆ ನೆಲದ ಮೇಲೆ ಪ್ರತಿ ಹೆಜ್ಜೆಗೂ ಕಾಲು ಜಾರುತ್ತೆ, ಮಂಡಿ ತಡೆಯಲ್ಲ. ಹೀಗೇ ಬಿಟ್ರೆ ಇನ್ನಾರು ತಿಂಗಳಿಗೆ ಆ ಕಾಲು ನೆಲ ಮುಟ್ಟಲ್ಲ. ಆಗ ದೊಡ್ಡ ಆಸ್ಪತ್ರೇಲಿ ಆಪರೇಶನ್ ಮಾಡಿಸಿದ್ರೂ ನಾನು ಗ್ಯಾರಂಟಿ ಕೊಡಲ್ಲ."

ಅಪ್ಪನನ್ನು ಅಷ್ಟು ಮಂಕಾಗಿ ನಾನು ಕಂಡಿರಲಿಲ್ಲ. ಆದರೆ ಡಾಕ್ಟರು ಹೇಳಿದ ಮೇಲೆ ಮುಗಿಯಿತು. ನಾಯಂಡಹಳ್ಳಿಯ ಗೋಡೌನೊಂದರಿಂದ ಖಾಲಿ ಅಕ್ಕಿ ಚೀಲಗಳನ್ನು ತಂದು ಹಾಕಿದರು. ಅಮ್ಮನೂ ನಾನೂ ಚೀಲ ಬಿಚ್ಚಿ ಒಗೆದು ಒಣಗಿಸಿ, ದಬ್ಬಣದಲ್ಲಿ ಒಂದಕ್ಕೊಂದು ಹೊಲಿದೆವು. ಮುಂಬಾಗಿಲಿಂದ ಹಾಲಿನ ನಡುವೆ ಹಾದು, ಅಡುಗೆಮನೆಯ ಮುಂದೆ ತಿರುಗಿ, ದೇವರ ಕೋಣೆಯನ್ನು ದಾಟಿ, ಅಜ್ಜಿಯ ಕೋಣೆಯ ಹೊಸ್ತಿಲಿನ ಪಕ್ಕದಿಂದ ಹಿತ್ತಲಿಗೆ ಹೋಗುವ ಒಂದು ಮೊಳ ಅಗಲದ ರಸ್ತೆ ತಯಾರಾಯಿತು. ಶನಿವಾರದ ಪಾಲಿಶ್ ನಿಂತಿತು. ನನ್ನ ಮೊಣಕಾಲುಗಳು ನಾಯಿಗೆ ಆಜೀವ ಋಣಿಗಳಾದವು.

ನಾಯಿಯ ಸೇವೆಗೆ ನಾವೆಲ್ಲ ಟೊಂಕ ಕಟ್ಟಿ ನಿಂತೆವು. ಅದರ ಪಾದದ ಕೂದಲನ್ನು ನಾನು ಹದಿನೈದು ದಿನಕ್ಕೊಮ್ಮೆ ಕತ್ತರಿಸುತ್ತಿದ್ದೆ. ಬಿಸ್ಕತ್ತಿನ ಬದಲು ಅಮ್ಮ ಕ್ಯಾರೆಟ್ ಚೂರು ಕೊಟ್ಟರು. ನಾಯಿ ಅದನ್ನು ಮೂಸಿ, ನಮ್ಮನ್ನು ನೋಡಿ, ಬೇರೆ ಗತಿಯಿಲ್ಲದೆ ತಿಂದಿತು. ಮುಂಬಾಗಿಲಿನ ಮೂರು ಮೆಟ್ಟಿಲುಗಳಲ್ಲಿ ಅಪ್ಪ ತಾವೇ ಅದನ್ನು ಎತ್ತಿಕೊಂಡು ಇಳಿಸುತ್ತಿದ್ದರು. ಬಿಸಿನೀರಿನ ಶಾಖ ಕೊಡಲು ಅಜ್ಜಿಯ ರಬ್ಬರ್ ಚೀಲವನ್ನು ತೆಗೆದುಕೊಂಡರು. ಅಜ್ಜಿಯ ಮಂಡಿಗೆ ಊರಿನಿಂದ ಬಂದಿದ್ದ ಎಣ್ಣೆ ಬಾಟಲಿಯೂ ನಾಯಿಯ ಪಾಲಾಯಿತು. ನಾಯಿ ಎಣ್ಣೆಯನ್ನು ನೆಕ್ಕಿ ಎರಡು ದಿನ ಭೇದಿ ಮಾಡಿಕೊಂಡ ಮೇಲೆ ಬಾಟಲಿ ಮಾತ್ರ ವಾಪಸಾಯಿತು.

ಆ ದಿನಗಳಲ್ಲಿ ನನಗೆ ಅಜ್ಜಿಯ ಮೇಲೆ ಸಿಟ್ಟು ಬರುತ್ತಿತ್ತು. ಕಾರಣ, ಗೋಣಿ ಹಾಸಿದ ಮೇಲೆ ಅವರು ಮನೆಯಲ್ಲಿ ಓಡಾಡುವುದು ಹೆಚ್ಚಾಯಿತು, ಅದೂ ಸರಿಯಾಗಿ ಗೋಣಿಯ ಮೇಲೆಯೇ. ಪಕ್ಕದಲ್ಲಿ ಅಷ್ಟಗಲ ನೆಲ ಖಾಲಿ ಬಿದ್ದಿರುವಾಗ ಇವರು ನಾಯಿಯ ದಾರಿಗೇ ಅಡ್ಡ ಬರುತ್ತಿದ್ದರು. ನಾಯಿ ಪಕ್ಕಕ್ಕೆ ಸರಿದು ನೆಲಕ್ಕೆ ಇಳಿಯುತ್ತಿತ್ತು, ಕಾಲು ಜಾರುತ್ತಿತ್ತು. ಮೊದಲಿನಿಂದಲೂ ಕುನ್ನಿಯನ್ನು ಕಂಡರೆ ಇವರಿಗೆ ಆಗುವುದಿಲ್ಲ, ಬೇಕೆಂದೇ ಹೀಗೆ ಮಾಡುತ್ತಾರೆ ಎಂದು ತೀರ್ಮಾನಿಸಿದೆ. ಒಂದು ದಿನ ಹೇಳಿಯೂಬಿಟ್ಟೆ.

"ಅಜ್ಜಿ, ಅದು ನಾಯಿಗೆ ಹಾಕಿರೋದು. ನೀನ್ಯಾಕೆ ಅದರ ಮೇಲೇ ನಡೀತೀಯಾ? ಅದು ಬಂದಾಗ ನೀನು ಪಕ್ಕಕ್ಕೆ ಸರ್ಕೋ. ಪಾಪ, ಅದಕ್ಕೆ ಮಂಡಿ ನೋವು."

ಅಜ್ಜಿ ನನ್ನನ್ನು ನೋಡಿದರು. "ಆಗ್ಲವ್ವಾ" ಎಂದರು. ಅಂದಿನಿಂದ ನಾಯಿ ಎದುರಿಗೆ ಬಂದರೆ ಅವರು ಗೋಣಿಯಿಂದ ಇಳಿದು, ಗೋಡೆಗೆ ಕೈ ಕೊಟ್ಟು ನಿಂತು, ಅದು ದಾಟಿದ ಮೇಲೆ ಮತ್ತೆ ಹತ್ತುತ್ತಿದ್ದರು. ಮನೆಯಲ್ಲಿ ಒಂದು ಶಿಸ್ತು ತಂದೆನಲ್ಲ ಎಂದು ನನಗೆ ಸಮಾಧಾನವಾಯಿತು.

ದೀಪಾವಳಿಗೆ ಸುಣ್ಣ ಹೊಡೆಸಿದ ಮೇಲೆ ಗೋಡೆಯ ಮೇಲೆ ಮೊದಲಿನಂತೆ ಅಂಗೈ ಗುರುತಿನ ಸಾಲು ಬೀಳಲಿಲ್ಲ. "ಅಂತೂ ಈ ಮನೆಯವರಿಗೆ ಬುದ್ಧಿ ಬಂತು" ಎಂದರು ಅಪ್ಪ. ನಾಯಿಯೂ ಆ ಹೊತ್ತಿಗೆ ಸೊಂಟ ಕಾಣುವಷ್ಟು ಇಳಿದಿತ್ತು. ಎಡಗಾಲನ್ನು ಊರಿ ನಡೆಯುತ್ತಿತ್ತು, ಕುಪ್ಪಳಿಸುವುದು ಅಪರೂಪವಾಗಿತ್ತು. ಬಿಸಿನೀರಿನ ಚೀಲ ಅಜ್ಜಿಗೆ ವಾಪಸು ಸಿಕ್ಕಿತ್ತು. ಎಲ್ಲ ಸುಸೂತ್ರವಾಗಿತ್ತು. ಅಷ್ಟರಲ್ಲಿ ಅಪ್ಪನ ಸಾಹೇಬರು ಮನೆಗೆ ಬರುತ್ತೇನೆಂದು ಹೇಳಿ ಕಳಿಸಿದರು.

ಅಪ್ಪನ ಬಡ್ತಿ ಆ ಸಾಹೇಬರ ಸಹಿಗೆ ಕಾದಿತ್ತು. ಸಾಹೇಬರ ಹೆಂಡತಿಗೆ ಶರಣು ಮಾಡುವ ನಾಯಿಯನ್ನು ನೋಡಬೇಕೆಂದು ಆಸೆಯಂತೆ. "ಒಂದೇ ಒಂದು ಸಲ ಕಣೇ, ಒಂದ್ಸಲಕ್ಕೆ ಏನೂ ಆಗಲ್ಲ" ಎಂದು ಅಪ್ಪ ನನಗೆ ಹೇಳಿದರು. ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. "ಅವರು ದನದ ಡಾಕ್ಟ್ರು" ಎಂದರು. ಬೆಳಿಗ್ಗೆಯೇ ಗೋಣಿತಾಟನ್ನೆಲ್ಲ ಸುತ್ತಿ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಇಡಿಸಿದರು. ಎರಡು ತಿಂಗಳ ಬಾಕಿಯನ್ನೆಲ್ಲ ತೀರಿಸುವಂತೆ ನಾನೂ ಅಮ್ಮನೂ ಪಾಲಿಶ್ ತಿಕ್ಕಿದೆವು. ಮಧ್ಯಾಹ್ನದ ಹೊತ್ತಿಗೆ ಮುಖ ಕಾಣಿಸಿತು.

ನಾಲ್ಕು ಗಂಟೆಗೆ ಸಾಹೇಬರೂ ಅವರ ಹೆಂಡತಿಯೂ ಬಂದರು. ನೆಲವನ್ನು ಹೊಗಳಿದರು. ಅಪ್ಪ ಬಿಸ್ಕತ್ತು ಹಿಡಿದು, "ಶರಣು ಮಾಡು" ಎಂದರು. ನಾಯಿ ಎರಡು ತಿಂಗಳಿಂದ ಕಾಣದ ಬಿಸ್ಕತ್ತನ್ನು ಕಂಡು ಎದ್ದು ನಿಂತಿತು. ಹಿಂಗಾಲು ನುಣ್ಣನೆ ನೆಲದ ಮೇಲೆ ಅಗಲಕ್ಕೆ ಜಾರಿತು. ಕೂಗಿಕೊಂಡು ಕೆಳಗೆ ಬಿತ್ತು, ಎದ್ದು ಎಡಗಾಲನ್ನು ಎತ್ತಿಕೊಂಡು ಮೂಲೆಗೆ ಕುಪ್ಪಳಿಸಿತು. "ಎಷ್ಟು ಮುದ್ದಾಗಿ ಕುಣಿಯುತ್ತೆ!" ಎಂದು ಸಾಹೇಬರ ಹೆಂಡತಿ ಚಪ್ಪಾಳೆ ತಟ್ಟಿದರು. ನಾನು ಹೋಗಿ ನಾಯಿಯನ್ನು ಎತ್ತಿಕೊಂಡೆ. ಅದರ ಮೈ ನಡುಗುತ್ತಿತ್ತು. ಅಪ್ಪನ ಮುಖ ನೋಡಲು ನನಗೆ ಮನಸ್ಸಾಗಲಿಲ್ಲ.

ಆಟ ಕೆಟ್ಟದ್ದನ್ನು ಸರಿಮಾಡಲು ಅಪ್ಪ ಒಳಗೆ ತಿರುಗಿ ಕೂಗಿದರು. "ಅಮ್ಮಾ, ಸ್ವಲ್ಪ ಹೊರಗೆ ಬನ್ನಿ. ಸಾಹೇಬ್ರು ನಿಮ್ಮ ವಚನ ಕೇಳಬೇಕಂತೆ."

ಅಜ್ಜಿ ಒಳಬಾಗಿಲಿಗೆ ಬಂದರು. ಬಾಗಿಲ ಚೌಕಟ್ಟು ಹಿಡಿದು ನಿಂತು, ಎದುರಿಗಿದ್ದ ನೆಲವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಗೋಣಿ ಎಲ್ಲಿ?" ಎಂದರು.

"ಅದೆಲ್ಲ ಆಮೇಲೆ ಹಾಕ್ತೀವಿ. ನೀವು ಬನ್ನಿ."

"ಗೋಣಿ ಹಾಕಪ್ಪಾ. ಬರ್ತೀನಿ."

ಅಪ್ಪ ಸಾಹೇಬರ ಕಡೆ ತಿರುಗಿ ನಕ್ಕರು. "ನಾಯಿಗೆ ಹಾಸಿದ್ವಿ ಸಾರ್, ಡಾಕ್ಟ್ರು ಹೇಳಿದ್ರು ಅಂತ. ಇವರು ಅದನ್ನೇ ಕೇಳ್ತಾರೆ."

"ನಾಯಿಗೆ ಅಂತ ನನಗೂ ಗೊತ್ತೈತೆ" ಎಂದರು ಅಜ್ಜಿ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಊಟಕ್ಕೆ ಕೂತವರು ಉಪ್ಪು ಕೇಳಿದ ಹಾಗಿತ್ತು. "ಈ ಮನೆಗೆ ಬಂದು ನಾಕು ವರ್ಷ ಆತು. ನಾಯಿಗೆ ಗೋಣಿ ಹಾಸಿದ ಮ್ಯಾಲೇ ನಾನು ಬೀಳ್ತೀನಿ ಅನ್ನೋ ಹೆದರಿಕೆ ಇಲ್ದೆ ನಡೆದಾಡಿದ್ದು. ಅದ್ನೂ ತೆಗೆದ್ರೆ ಹೆಂಗ್ ಬರ್ಲಿ?"

ಸಾಹೇಬರು ಕಾಫಿ ಲೋಟವನ್ನು ಕೆಳಗಿಟ್ಟರು. ಅಪ್ಪ ಕುರ್ಚಿಯಿಂದ ಎದ್ದು ಹಿತ್ತಲಿಗೆ ಹೋದರು. ಇಸ್ತ್ರಿ ಮಾಡಿದ ಬಿಳೀ ಶರಟಿನ ಮೇಲೆ ಗೋಣಿತಾಟಿನ ಸುರುಳಿಯನ್ನು ಹೊತ್ತು ತಂದರು. ಅಜ್ಜಿಯ ಕಾಲ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಸುಕ್ಕು ಬೀಳದಂತೆ ಕೈಯಿಂದ ಒರೆಸುತ್ತ, ಹಿಂದೆ ಹಿಂದೆ ಸರಿಯುತ್ತ ಕುರ್ಚಿಯವರೆಗೂ ಹಾಸಿದರು. ಅಂಗಿಯೆಲ್ಲ ಧೂಳಾಗಿತ್ತು.

"ಬಾ ಅವ್ವಾ" ಎಂದರು, ಸಾಹೇಬರ ಎದುರಿಗೇ.

ಅಜ್ಜಿ ನಡೆದು ಬಂದರು. ಗೋಡೆ ಮುಟ್ಟಲಿಲ್ಲ. ಕುರ್ಚಿಯಲ್ಲಿ ಕೂತು ನನ್ನ ಕಡೆ ತಿರುಗಿ, "ಆ ಕುನ್ನೀನ ಇವತ್ತು ಕೆಳಗೆ ಬಿಡಬ್ಯಾಡ. ಬಿಸಿನೀರಿನ ಚೀಲ ನನ್ನ ಹಾಸಿಗೆ ಮ್ಯಾಲೈತೆ, ಇಡು" ಎಂದರು. ವಚನ ಹೇಳಿ ಎಂದು ಯಾರೂ ಕೇಳಲಿಲ್ಲ.

ಸಾಹೇಬರು ಬಡ್ತಿಗೆ ಸಹಿ ಹಾಕಿದರು. ಅಪ್ಪ ಅದನ್ನು ಮನೆಯಲ್ಲಿ ಸಣ್ಣ ದನಿಯಲ್ಲಿ ಹೇಳಿದರು. ಅದಕ್ಕೂ ಮೊದಲೇ, ಮರುದಿನವೇ, ರಜಾ ಹಾಕಿ ಆಟೋ ತರಿಸಿ ಅಜ್ಜಿಯನ್ನು ರಾಜಾಜಿನಗರದ ಡಾಕ್ಟರೊಬ್ಬರಲ್ಲಿಗೆ ಕರೆದುಕೊಂಡು ಹೋಗಿದ್ದರು. ಆ ಡಾಕ್ಟರು ಮಂಡಿ ಒತ್ತಿ ನೋಡಿ, ಮಾತ್ರೆ ಬರೆದು, ತೂಕ ಇಳಿಸಿ, ಮೆಟ್ಟಿಲು ಹತ್ತಬೇಡಿ, ಬಿಸಿ ಶಾಖ ಕೊಡಿ, ಜಾರುವ ನೆಲದ ಮೇಲೆ ನಡೆಯಬೇಡಿ ಎಂದರಂತೆ. "ದನದ ಡಾಕ್ಟ್ರು ಹೇಳಿದ್ದೂ ಇದೇ ಅಲ್ವಾ?" ಎಂದರು ಅಮ್ಮ. ಅಪ್ಪ ಪೇಪರ್ ತೆಗೆದುಕೊಂಡರು, ಆದರೆ ಅದನ್ನು ಬಿಡಿಸಲಿಲ್ಲ. ಮತ್ತೆಂದೂ ನಮ್ಮ ಮನೆಗೆ ಪಾಲಿಶ್ ಡಬ್ಬಿ ಬರಲಿಲ್ಲ.

ಅಪ್ಪನನ್ನು ಇಷ್ಟು ಹೊತ್ತು ಆಡಿಕೊಂಡೆನಲ್ಲ, ಈಗ ನನ್ನದೂ ಹೇಳಿಬಿಡುತ್ತೇನೆ. ಅದಾಗಿ ನಾಲ್ಕು ದಿನಕ್ಕೆ, ಕಾಲೇಜಿಗೆ ಹೊರಟವಳು ಹಾಲಿನಲ್ಲಿ ನಿಂತಿದ್ದೆ. ಅಜ್ಜಿ ಪೂಜೆ ಮುಗಿಸಿ ಗೋಣಿಯ ಮೇಲೆ ಬರುತ್ತಿದ್ದರು. ಎದುರಿನಿಂದ ನಾಯಿ ಬಂತು. ಅಜ್ಜಿ ನಿಂತರು. ಗೋಡೆಗೆ ಕೈ ಕೊಟ್ಟು, ಒಂದು ಪಾದವನ್ನು ಮೆಲ್ಲಗೆ ನೆಲಕ್ಕಿಳಿಸಿದರು. ಅದು ನಿಂತಿತೆಂದು ಖಾತ್ರಿಯಾದ ಮೇಲೆ ಇನ್ನೊಂದನ್ನು ಇಳಿಸಿ, ನಾಯಿಗೆ ದಾರಿ ಬಿಟ್ಟರು. ಅವರ ತುಟಿ ಬಿಗಿದಿತ್ತು. ಎರಡು ತಿಂಗಳಿಂದ ಇದೇ ನಡೆಯುತ್ತಿತ್ತು, ದಿನವೂ ನನ್ನ ಕಣ್ಣೆದುರಿಗೇ.

"ಯಾಕಜ್ಜಿ ಇಳಿದೆ?" ಎಂದೆ.

"ನೀನೇ ಹೇಳಿದ್ಯಲ್ಲವ್ವಾ, ಅದು ಅದರದ್ದು ಅಂತ" ಎಂದರು ಅಜ್ಜಿ.

ನಾನು ಅಂದು ಕಾಲೇಜಿಗೆ ಹೋಗಲಿಲ್ಲ. ಅಟ್ಟದ ಮೇಲೆ ಉಳಿದಿದ್ದ ಚೀಲಗಳನ್ನು ಇಳಿಸಿ, ಬಿಚ್ಚಿ, ದಬ್ಬಣ ಹುಡುಕಿ, ಮೊದಲಿನ ಗೋಣಿಯ ಪಕ್ಕಕ್ಕೆ ಇನ್ನೊಂದು ಸಾಲು ಹೊಲಿಯಲು ಕೂತೆ.